ಯಾವ ಡೇಟಾಬೇಸ್ ಕಲಿಯಲಿ ಮಾಮಾ ಅಂದೆಯಲ್ಲ

ರಾಯಚೂರು

ಚಿರಂಜೀವಿ ಅಳಿಯನಿಗೆ,

ನಿನ್ನ ಮಾಮಾ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಗಂಜ್ ಮಾರುಕಟ್ಟೆಗೆ ಹತ್ತಿ ಬರಲು ಶುರುವಾಗಿದೆ. ಬೆಳಗಾದರೆ ರಸ್ತೆ ತುಂಬ ಟ್ರ್ಯಾಕ್ಟರ್.

ಮೊನ್ನೆ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸಿ ಇಡುವ ಡೇಟಾಬೇಸುಗಳಲ್ಲಿ ಓರಾಕಲ್ ಕಲಿಯಲೋ, ಮೈಎಸ್‌ಕ್ಯೂಎಲ್ ಕಲಿಯಲೋ, ಪೋಸ್ಟ್‌ಗ್ರೆಸ್ ಕಲಿಯಲೋ ಅಂತ ಕೇಳಿದೆ. ನಾನು ಅವಸರದಲ್ಲಿ ಏನೋ ಹೇಳಿಬಿಟ್ಟೆ. ಆಮೇಲೆ ಅಕ್ಕ ಮಾತಾಡಿದಳು. ಬೆಂಗಳೂರಿನ ಕೋಚಿಂಗಿನವರು ಓರಾಕಲ್ ಕೋರ್ಸಿಗೆ 80 ಸಾವಿರ ಕೇಳುತ್ತಿದ್ದಾರಂತೆ. ಬಳೆ ಒತ್ತೆ ಇಡುತ್ತೇನೆ ಅಂದಳು. ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ.

ಪೋಸ್ಟ್‌ಗ್ರೆಸ್ ಕಲಿ. ಬಳೆ ಅಕ್ಕನ ಕೈಯಲ್ಲೇ ಇರಲಿ.

ಯಾಕೆ ಅಂತ ಹೇಳುತ್ತೇನೆ. ನಿನ್ನ ವಯಸ್ಸಿನಲ್ಲಿ ನಾನು ಫಾಕ್ಸ್‌ಪ್ರೊ ಅನ್ನುವ ಡೇಟಾಬೇಸ್ ಕಲಿತೆ. ಅದೊಂದು ಬಂದರೆ ಸಾಕು, ಜೀವನ ನಡೆಯುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಹಲವು ವರ್ಷ ನಡೆಯಿತು ಕೂಡ. 2007ರಲ್ಲಿ ಅದರ ಮಾಲೀಕ ಮೈಕ್ರೋಸಾಫ್ಟ್ ಇನ್ನು ಹೊಸ ಆವೃತ್ತಿ ತರುವುದಿಲ್ಲ ಅಂದಿತು. ಮನೆಯಲ್ಲಿ ಎರಡು ಸಣ್ಣ ಮಕ್ಕಳು, ತಲೆ ಮೇಲೆ ಸಾಲ. ಆ ವಾರ ನನಗೆ ಊಟ ಸೇರಲಿಲ್ಲ. ಆಮೇಲೆ ಬೇರೆ ಡೇಟಾಬೇಸ್ ಮುಂದೆ ಕೂತೆ. ಸಾಲು-ಕಾಲಮ್ಮಿನ ಟೇಬಲ್ಲು, ಸಾಲನ್ನು ಗುರುತಿಸುವ ಕೀ, ಟೇಬಲ್ಲುಗಳನ್ನು ಕೂಡಿಸುವ ಜಾಯಿನ್, ಬೇಗ ಹುಡುಕಲು ಇಂಡೆಕ್ಸ್, ಎಲ್ಲ ಗುರುತಿನವೇ! ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಒಂದು ಲೇಖನ ಬರೆದ. ಮಾಹಿತಿಯನ್ನು ಟೇಬಲ್ಲುಗಳಲ್ಲಿ ಇಡಿ, ಏನು ಬೇಕು ಅಂತ ಮಾತ್ರ ಕೇಳಿ, ಎಲ್ಲಿದೆ ಅಂತ ಹುಡುಕುವುದು ಯಂತ್ರದ ಕೆಲಸ ಅನ್ನುವುದು ಅವನ ಮಾತಿನ ತಿರುಳು. ನನ್ನ ಮನೆ ನಡೆದದ್ದು ಅದರಿಂದ. ಫಾಕ್ಸ್‌ಪ್ರೊ ಅದಕ್ಕೆ ಒಂದು ಅಂಗಿ ಅಷ್ಟೇ ಆಗಿತ್ತು.

ಪೋಸ್ಟ್‌ಗ್ರೆಸ್ 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಅದು ಯಾವ ಒಂದು ಕಂಪನಿಯದೂ ಅಲ್ಲ. ಒಬ್ಬ ಮಾಲೀಕ ಒಂದು ಮುಂಜಾನೆ ಎದ್ದು ನಿಲ್ಲಿಸಿದೆವು ಅನ್ನುವ ಹಾಗಿಲ್ಲ. ಮೈಎಸ್‌ಕ್ಯೂಎಲ್ ಕೂಡ ಪುಕ್ಕಟೆ ಸಿಗುತ್ತದೆ. ಆದರೆ ಅದು 2008ರಲ್ಲಿ ಸನ್ ಕಂಪನಿಗೆ ಹೋಯಿತು, 2010ರಲ್ಲಿ ಸನ್ ಜೊತೆಗೇ ಓರಾಕಲ್ ಕೈಗೆ ಬಂತು. ನನಗೆ ಇಂಥದ್ದರಲ್ಲಿ ಭಯ ಜಾಸ್ತಿ. ಪೆಟ್ಟು ತಿಂದವನು ನಾನು.

ಇನ್ನೊಂದು ಮಾತು, ಇದನ್ನು ನಿಧಾನವಾಗಿ ಓದು. ಗಂಜಿನ ಒಂದು ಅಡತಿ (ದಲ್ಲಾಳಿ) ಅಂಗಡಿಗೆ ನಾನು ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ರೈತನಿಗೆ ದುಡ್ಡು ಕೊಡುವಾಗ ಖಾತೆಯ ಬಾಕಿ ಕಡಿಮೆ ಆಗಬೇಕು, ಪಾವತಿ ರಶೀದಿ ಆಗಬೇಕು. ಒಂದಾದ ಮೇಲೆ ಒಂದು ಬರೆಯುವ ಹಾಗೆ ಮಾಡಿದ್ದೆ. ಒಂದು ಸಂಜೆ ಖಾತೆಯಲ್ಲಿ ಬಾಕಿ ಸೊನ್ನೆ ಅಂತ ಬಿತ್ತು, ರಶೀದಿ ಆಗುವ ಮೊದಲೇ ಕರೆಂಟು ಹೋಯಿತು. ಕತ್ತಲಾಯಿತು, ನಾಳೆ ಬಾ ಅಂತ ರೈತನನ್ನು ಕಳಿಸಿದರು. ಮರುದಿನ ಬೇರೆ ಗುಮಾಸ್ತ ಕೂತಿದ್ದ. ನಿನ್ನ ಬಾಕಿ ಏನೂ ಇಲ್ಲ ಅಂದ. ಮಾನ್ವಿ ಕಡೆಯ ರೈತ, 22 ಕ್ವಿಂಟಲ್ ಹತ್ತಿ ಹಾಕಿದ್ದ. ತೂಕ, ದರ ಬರೆದ ತಕ್‌ಪಟ್ಟಿ ಕೈಯಲ್ಲಿ ಹಿಡಿದು ಸಂಜೆವರೆಗೆ ಕಟ್ಟೆ ಮೇಲೆ ಕೂತಿದ್ದ. ದಿನದ ಲೆಕ್ಕದ ಕಿರ್ದಿ ಪುಸ್ತಕ ತೆಗೆದು ನೋಡಿದ ಮೇಲೆ ದುಡ್ಡು ಸಿಕ್ಕಿತು. ಅವನ ಮುಖ ನನಗೆ ಇನ್ನೂ ಮರೆತಿಲ್ಲ.

ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಇದನ್ನೇ ಟ್ರಾನ್ಸಾಕ್ಷನ್ ಅನ್ನುತ್ತಾರೆ. ಬಿಗಿನ್ (ಶುರು), ಕಮಿಟ್ (ಖಾಯಂ ಮಾಡು), ರೋಲ್‌ಬ್ಯಾಕ್ (ಹಿಂದಕ್ಕೆ ತಿರುಗಿಸು) ಈ ಮೂರನ್ನು ಮೊದಲ ವಾರದಲ್ಲೇ ಕಲಿ. ಮೈಎಸ್‌ಕ್ಯೂಎಲ್ 5.5ಕ್ಕಿಂತ ಮೊದಲು ಹಾಗೇ ಬಿಟ್ಟರೆ ಟೇಬಲ್ಲು ಮೈಐಎಸ್‌ಎಎಂ ಬಗೆಯಲ್ಲಿ ಆಗುತ್ತಿತ್ತು. ಅದರಲ್ಲಿ ಟ್ರಾನ್ಸಾಕ್ಷನ್ ಇರಲಿಲ್ಲ. ಈಗ ಆ ತೊಂದರೆ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಟ್ರಾನ್ಸಾಕ್ಷನ್ ಒಳಗೆ ಟೇಬಲ್ಲನ್ನೇ ಅಳಿಸಿಬಿಟ್ಟರೂ ರೋಲ್‌ಬ್ಯಾಕ್ ಅಂದರೆ ವಾಪಸ್ ಬರುತ್ತದೆ. ಓರಾಕಲ್, ಮೈಎಸ್‌ಕ್ಯೂಎಲ್‌ಗಳಲ್ಲಿ ಅಂಥ ಆಜ್ಞೆ ತಾನಾಗಿಯೇ ಕಮಿಟ್ ಆಗಿಬಿಡುತ್ತದೆ. ಕಲಿಯುವವನಿಗೆ ಧೈರ್ಯ ಬೇಕು, ಅಲ್ವಾ?

ಓರಾಕಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬ್ಯಾಂಕುಗಳಲ್ಲಿ, ದೊಡ್ಡ ಕಂಪನಿಗಳಲ್ಲಿ ಅದು ಗಟ್ಟಿಯಾಗಿ ಕೂತಿದೆ. ಅಂಥ ಕಡೆ ಕೆಲಸ ಸಿಕ್ಕರೆ ಅಲ್ಲೇ ಕಲಿಯುತ್ತೀ. ರಾಯಚೂರಿನವನು ಮೈಸೂರಿಗೆ ಹೋದರೆ ನಾಲ್ಕು ದಿನ ಮಾತು ತಡವರಿಸುತ್ತದೆ, ಆಮೇಲೆ ಸರಿಹೋಗುತ್ತದೆ. ಇದೂ ಹಾಗೇ. ಮೊದಲ ಹತ್ತು ಸಾಲು ಬೇಕು ಅನ್ನಲು ಪೋಸ್ಟ್‌ಗ್ರೆಸ್‌ನಲ್ಲಿ ಲಿಮಿಟ್, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟಾಪ್. ಓರಾಕಲ್ ಮಾತ್ರ ಏನೂ ಬರೆಯದ ಖಾಲಿ ಪಠ್ಯವನ್ನು ನಲ್, ಅಂದರೆ ಮಾಹಿತಿಯೇ ಇಲ್ಲ, ಅಂತಲೇ ತಿಳಿಯುತ್ತದೆ. ಅದೊಂದು ನೆನಪಿಟ್ಟುಕೋ, ಬಹಳ ಜನ ಅಲ್ಲಿ ಎಡವುತ್ತಾರೆ.

ಓದಲು ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿ ಸಾಕು. ಅವರ ಸೈಟಿನಲ್ಲೇ ಪುಕ್ಕಟೆ ಇದೆ. ಆದರೆ ಓದಿದ್ದು ಕೈಗೆ ಹತ್ತಬೇಕಾದರೆ ನಿಜವಾದ ಲೆಕ್ಕ ಬೇಕು. ರೈತರು, ತಕ್‌ಪಟ್ಟಿ, ಪಾವತಿ ಅಂತ ಮೂರು ಟೇಬಲ್ ಮಾಡು. ಹಳೆಯ ಪುಸ್ತಕದಲ್ಲಿ ಒಬ್ಬನೇ ರೈತ ಒಂದು ಪುಟದಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸಣ್ಣ, ಮತ್ತೊಂದರಲ್ಲಿ ಬರೀ ಊರಿನ ಹೆಸರು. ಇದನ್ನು ಸರಿಮಾಡಲು ಕೂತಾಗ ಪ್ರೈಮರಿ ಕೀ ಯಾಕೆ ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ತಕ್‌ಪಟ್ಟಿ ಇಲ್ಲದೆ ಪಾವತಿ ಆಗದ ಹಾಗೆ ಫಾರಿನ್ ಕೀ ಹಾಕು. ಆಮೇಲೆ ಸಾಲುಗಳನ್ನು ತಾನೇ ಹುಟ್ಟಿಸುವ ಜನರೇಟ್ ಸೀರೀಸ್ ಬಳಸಿ ಹತ್ತು ಲಕ್ಷ ಸಾಲು ತುಂಬು. ಒಬ್ಬ ರೈತನ ಲೆಕ್ಕ ಕೇಳು, ಎಕ್ಸ್‌ಪ್ಲೇನ್ ಹಾಕಿ ಅದು ಹೇಗೆ ಹುಡುಕುತ್ತದೆ ಅಂತ ನೋಡು. ಇಂಡೆಕ್ಸ್ ಇಲ್ಲದಿದ್ದರೆ ಪೂರ್ತಿ ಟೇಬಲ್ ಓದುತ್ತದೆ. ಇಂಡೆಕ್ಸ್ ಹಾಕಿ ಮತ್ತೆ ನೋಡು. ಇಂಟರ್‌ವ್ಯೂದಲ್ಲಿ ಇದನ್ನು ನಿನ್ನ ಮಾತಿನಲ್ಲಿ ಹೇಳಲು ಬಂದರೆ ಸರ್ಟಿಫಿಕೇಟ್ ಇಲ್ಲ ಅಂತ ಅಳುಕಬೇಡ.

ದೀಪಾವಳಿಗೆ ಬರುವಾಗ ಲ್ಯಾಪ್‌ಟಾಪ್ ತಾ. ಆ ಅಂಗಡಿಯ ಸಾಹುಕಾರರನ್ನು ಕೇಳಿ ಎರಡು ಹಳೆಯ ಖಾತೆ ಪುಸ್ತಕ ತಂದಿಟ್ಟಿದ್ದೇನೆ. ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಶುರು ಮಾಡೋಣ. ಬಳೆ ವಿಷಯ ಅಕ್ಕನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ನಿನ್ನ
ಮಾಮಾ