ಶುಕ್ರವಾರ ಸಂಜೆಯ ದೀಪ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಲ್ಲೇ ಕೂತಿದೆ. "ನಿರ್ದೇಶಕ ಯಹೂದಿಯಾದರೆ ಅದು ಯಹೂದಿ ಸಿನಿಮಾ, ಅಷ್ಟೇ ಅಲ್ವಾ?" ಅಂದೆ. ಆಗ ಸುಮ್ನೆ ಹೂಂ ಅಂದುಬಿಟ್ಟೆ. ಈಗ ಒಪ್ಪಲು ಮನಸ್ಸು ಬರುತ್ತಿಲ್ಲ.

1942ರ 'ಕಾಸಾಬ್ಲಾಂಕಾ' ನೋಡು. ನಿರ್ದೇಶಕ ಮೈಕಲ್ ಕರ್ಟಿಜ್ ಹಂಗೇರಿಯ ಯಹೂದಿ. ಚಿತ್ರಕಥೆ ಬರೆದ ಎಪ್‌ಸ್ಟೈನ್ ಸೋದರರೂ ಯಹೂದಿಗಳು. ಹಿಟ್ಲರನ ಕೈಗೆ ಸಿಗದೆ ಓಡಿಬಂದ ನಟರು ಅದರಲ್ಲಿದ್ದಾರೆ. ಕಥೆಯೂ ದಾಟಿಹೋಗುವ ಕಾಗದಪತ್ರಕ್ಕಾಗಿ ಕಾದು ಕೂತ ನಿರಾಶ್ರಿತರದ್ದೇ. ಆದರೂ ಇಡೀ ಸಿನಿಮಾದಲ್ಲಿ 'ಯಹೂದಿ' ಅನ್ನುವ ಶಬ್ದ ಬರುವುದಿಲ್ಲ. ಇದು ನನಗೆ ತುಂಬಾ ಸಂಕಟ ಕೊಡುತ್ತದೆ.

ನಮ್ಮಲ್ಲೇ ನೋಡು. 'ಶ್ರೀ 420'ರಲ್ಲಿ ನಾವೆಲ್ಲ ಮೆಚ್ಚಿದ ನಟಿ ನಾದಿರಾ ಬಾಗ್ದಾದಿ (ಇರಾಕ್ ಮೂಲದ) ಯಹೂದಿ ಮನೆತನದವರು. ಅವರಿದ್ದಾರೆಂದು ಅದು ಯಹೂದಿ ಸಿನಿಮಾ ಆಗಲಿಲ್ಲ. ಬಿಮಲ್ ರಾಯ್ ಅವರ 'ಯಹೂದಿ' (1958) ಬೇರೆ ಥರ. ಅದರಲ್ಲಿ ಯಹೂದಿ ತಂದೆಯಾದವರು ಪಾರ್ಸಿಗಳಾದ ಸೊಹ್ರಾಬ್ ಮೋದಿ. ರೋಮನ್ನರ ಕೈಯಲ್ಲಿ ನೋಯುವ ಆ ತಂದೆಯ ಸಂಕಟ ಕಥೆಯ ನಡುವೆಯೇ ಇದೆ.

ಹಾಗಾದರೆ ಏನನ್ನು ನೋಡಬೇಕು? ಆ ಜನರ ಬದುಕು, ನಂಬಿಕೆ, ನೋವನ್ನು ತೆಗೆದುಬಿಟ್ಟರೆ ಕಥೆ ಉಳಿಯುತ್ತದೆಯೇ ಅಂತ ನಾನು ನೋಡುತ್ತೇನೆ. 'ಷಿಂಡ್ಲರ್ಸ್ ಲಿಸ್ಟ್' (1993) ಸಬ್ಬತ್ತಿನ, ಅಂದರೆ ಶುಕ್ರವಾರ ಸಂಜೆ ಶುರುವಾಗುವ ಯಹೂದಿಗಳ ವಾರದ ವಿಶ್ರಾಂತಿ ದಿನದ, ದೀಪದಿಂದಲೇ ಶುರುವಾಗುತ್ತದೆ. ಮೊದಲು ಬಣ್ಣವಿದೆ. ಒಂದು ಕೈ ಮೇಣದಬತ್ತಿ ಹಚ್ಚುತ್ತದೆ, ಮನೆಯವರು ಪ್ರಾರ್ಥನೆ ಹಾಡುತ್ತಾರೆ. ಆಮೇಲೆ ಮನೆಯವರು ಕಾಣುವುದಿಲ್ಲ, ಬತ್ತಿ ಮಾತ್ರ ಉರಿಯುತ್ತದೆ. ಅದು ಆರಿದಾಗ ಎದ್ದ ಹೊಗೆ ರೈಲಿನ ಹೊಗೆಯಾಗುತ್ತದೆ. ಬಣ್ಣವೂ ಹೋಗುತ್ತದೆ. ಎಷ್ಟೋ ಹೊತ್ತಿನ ಮೇಲೆ ಯಹೂದಿಗಳನ್ನು ಉಳಿಸಿದ ಜರ್ಮನ್ ಮಾಲೀಕ ಷಿಂಡ್ಲರ್ ತನ್ನ ಕಾರ್ಖಾನೆಯಲ್ಲಿ ರಬ್ಬಿಯ (ಯಹೂದಿ ಧರ್ಮಗುರು) ಹತ್ತಿರ ಬಂದು, ಶುಕ್ರವಾರ ಅಲ್ವಾ, ಹೊತ್ತು ಮುಳುಗುತ್ತಿದೆ, ಸಬ್ಬತ್ತಿಗೆ ತಯಾರಿ ಮಾಡಿಕೊಳ್ಳಬೇಡವೇ ಅನ್ನುತ್ತಾನೆ. ಕಪ್ಪು ಬಿಳುಪಿನ ನಡುವೆ ಆ ದೀಪದ ಕುಡಿಗೆ ಮಾತ್ರ ಬಣ್ಣ ಬರುತ್ತದೆ. ಅಲ್ಲಿ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ನನಗೆ ಇನ್ನೂ ಹತ್ತಿರವಾದದ್ದು 1971ರ 'ಫಿಡ್ಲರ್ ಆನ್ ದಿ ರೂಫ್'. ಮೂಲ ಕಥೆಗಳನ್ನು ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್‌ನಲ್ಲಿ ಬರೆದವರು ಶೋಲೆಮ್ ಅಲೈಖೆಮ್. ನಿರ್ದೇಶಕ ನಾರ್ಮನ್ ಜ್ಯೂಯಿಸನ್ ಕೆನಡಾದವರು. ಹೆಸರು ಕೇಳಿದರೆ ಹಾಗನ್ನಿಸಿದರೂ ಅವರು ಯಹೂದಿಯಲ್ಲ. ಆದರೂ ಇದಕ್ಕಿಂತ ಯಹೂದಿಯಾದ ಸಿನಿಮಾ ನನಗೆ ಗೊತ್ತಿಲ್ಲ. ಚಕ್ರವರ್ತಿಗಳ ಕಾಲದ ರಷ್ಯಾದ ಹಳ್ಳಿಯಲ್ಲಿ ಹಾಲು ಮಾರುವ ಟೆವ್ಯೆ ಕೆಲಸದ ನಡುವೆಯೇ ದೇವರ ಜೊತೆ ಮಾತಾಡುತ್ತಾನೆ, ಜಗಳವನ್ನೂ ಆಡುತ್ತಾನೆ. ದೊಡ್ಡ ಮಗಳು ಗೊತ್ತುಮಾಡಿದ ಗಂಡನ್ನು ಬೇಡ ಅಂದು ದರ್ಜಿಯನ್ನು ಬಯಸಿದಾಗ ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ಎಂದು ತೂಗಿ ಸೋಲುತ್ತಾನೆ. ಎರಡನೆಯವಳಿಗೂ ಹಾಗೇ. ಮೂರನೆಯವಳು ಖಾವಾ ಕ್ರೈಸ್ತ ಹುಡುಗನನ್ನು ಮದುವೆಯಾದಾಗ ಮತ್ತೆ ತೂಗುತ್ತಾನೆ. ಈ ಸಲ 'ಇನ್ನೊಂದು ಕಡೆ' ಅನ್ನೋದೇ ಇಲ್ಲ ಎಂದು ಕೂಗಿಬಿಡುತ್ತಾನೆ. ಅವನ ನಂಬಿಕೆಯನ್ನು ತೆಗೆದುಹಾಕಿದರೆ ಈ ದೃಶ್ಯವೇ ಇಲ್ಲ.

ಮುಂದಿನ ಸಲ ನೀನು ಬಂದಾಗ ಕೊನೆಯ ಭಾಗವನ್ನಾದರೂ ಜೊತೆಗೆ ನೋಡೋಣ. ಯಹೂದಿಗಳೆಲ್ಲ ಊರು ಬಿಡಬೇಕೆಂದು ಆಜ್ಞೆಯಾಗಿದೆ. ಖಾವಾ ಬೀಳ್ಕೊಡಲು ಬಂದು ನಿಂತಿದ್ದಾಳೆ. ಅಪ್ಪ ಅವಳ ಜೊತೆ ಮಾತಾಡುವುದಿಲ್ಲ. ದೇವರು ನಿಮ್ಮ ಜೊತೆಗಿರಲಿ ಎಂದು ತನ್ನಷ್ಟಕ್ಕೆ ಗೊಣಗುತ್ತಾನೆ. ಪಕ್ಕದಲ್ಲಿರುವ ದೊಡ್ಡ ಮಗಳು ಅದನ್ನೇ ತಂಗಿಗೆ ಕೇಳುವ ಹಾಗೆ ಜೋರಾಗಿ ಹೇಳುತ್ತಾಳೆ.

ಇಂತಿ,
ನಿನ್ನ ಗೆಳೆಯ