ಮೈಟೋಕಾಂಡ್ರಿಯ ಡಬ್ಬಿಯಲ್ಲಿ ಬರುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರದ ನಿಮ್ಮ ಆರೋಗ್ಯ ಪುಟದಲ್ಲಿ, ಒಂದು ಪುಡಿಯನ್ನು ಹಾಲಿಗೆ ಬೆರೆಸಿ ಕುಡಿದರೆ ಮೂರೇ ವಾರಗಳಲ್ಲಿ ಸ್ನಾಯುಗಳ ಮೈಟೋಕಾಂಡ್ರಿಯ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಘಟಕಗಳು) ದುಪ್ಪಟ್ಟಾಗುತ್ತದೆ ಎಂಬ ಬರಹವಿತ್ತು. ಕೆಳಗೆ ಪುಡಿ ಸಿಗುವ ಅಂಗಡಿಯ ಫೋನ್ ನಂಬರ್ ಕೂಡ ಇತ್ತು. ಶಿರಸಿಯಲ್ಲಿ ಮೂವತ್ತು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನಿಗೆ ಸುಮ್ಮನಿರಲಾಗಲಿಲ್ಲ.

ದುಪ್ಪಟ್ಟಾಗುವ ಮಾತು ಪೂರ್ತಿ ಕಟ್ಟುಕಥೆಯಲ್ಲ. 1967ರಲ್ಲಿ ಅಮೆರಿಕದ ಜಾನ್ ಹೊಲೊಸಿ ಅವರು ಇಲಿಗಳನ್ನು ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ, ಕಾಲಿನ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯದ ಉಸಿರಾಟದ ಕಿಣ್ವಗಳು ಸುಮಾರು ಎರಡು ಪಟ್ಟಾಗಿದ್ದನ್ನು ತೋರಿಸಿದ್ದರು. ಆದರೆ ಆ ಇಲಿಗಳು ಓಡಿದ್ದವು, ಪುಡಿ ನೆಕ್ಕಿರಲಿಲ್ಲ.

ಮರ ಹತ್ತಿ ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡರನ್ನೇ ನೋಡಿ. (ನೆಲದಿಂದಲೇ ಕೊನೆ ಕೊಯ್ಯುವ ದೋಟಿ ಬಂದ ಮೇಲೆ ಅವರು ಸಿಗುವುದೇ ಕಷ್ಟ, ಅದು ಬೇರೆ ಮಾತು.) ಅಡಿಕೆ ಮರ ಹತ್ತುವಾಗ ಅವರ ತೊಡೆಯ ಜೀವಕೋಶಗಳಲ್ಲಿ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಖರ್ಚಾಗಿ, ಅದರಿಂದ ಉಳಿಯುವ ಎಎಂಪಿ ಏರುತ್ತದೆ. ಈ ಕೊರತೆಯನ್ನು ಎಎಂಪಿಕೆ ಎಂಬ ಕಿಣ್ವ ಪತ್ತೆ ಹಚ್ಚುತ್ತದೆ. ಸ್ನಾಯು ಸಂಕುಚಿಸುವಾಗ ಕೋಶದೊಳಗೆ ಬಿಡುಗಡೆಯಾಗುವ ಕ್ಯಾಲ್ಸಿಯಂ ಇನ್ನೊಂದು ಸೂಚನೆ. ಎರಡೂ ಹೋಗಿ ಮುಟ್ಟುವುದು ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನನ್ನು. 1998ರಲ್ಲಿ ಇದು ಮೊದಲು ಸಿಕ್ಕಿದ್ದು ಸ್ನಾಯುವಿನಲ್ಲಲ್ಲ, ಚಳಿಗೆ ಮೈ ಬೆಚ್ಚಗಿಡುವ ಕಂದು ಕೊಬ್ಬಿನಲ್ಲಿ. ಮೈಟೋಕಾಂಡ್ರಿಯ ಕಟ್ಟಲು ಬೇಕಾದ ಕೋಶಕೇಂದ್ರದ ಜೀನ್‌ಗಳನ್ನು ಇದು ಎಬ್ಬಿಸುತ್ತದೆ. ಮೈಟೋಕಾಂಡ್ರಿಯದ ಸ್ವಂತ ಡಿಎನ್‌ಎಯಲ್ಲಿರುವುದು 37 ಜೀನ್‌ಗಳು, ಅವುಗಳಿಂದಾಗುವ ಪ್ರೋಟೀನುಗಳು ಬರೀ 13. ಉಳಿದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳು ಕೋಶಕೇಂದ್ರದ ಆದೇಶದಂತೆ ಹೊರಗೆ ತಯಾರಾಗಿ ಒಳಗೆ ಹೋಗಬೇಕು. ಅಷ್ಟಾದರೂ ಹೊಸದು ಶೂನ್ಯದಿಂದ ಹುಟ್ಟುವುದಿಲ್ಲ. ಹೆಪ್ಪಿಲ್ಲದೆ ಮೊಸರಾಗದಂತೆ, ಇದ್ದದ್ದೇ ಬೆಳೆದು ಒಡೆದು ಹೆಚ್ಚಬೇಕು.

ಕೆಲಸವಿಲ್ಲದಿದ್ದರೆ ಇದ್ದದ್ದನ್ನೂ ಕೋಶ ಕಳಚಿಹಾಕುತ್ತದೆ. ಹೋದ ಮಳೆಗಾಲದಲ್ಲಿ ತೋಟದ ಪಾಚಿಯ ಮೇಲೆ ಜಾರಿ ಕಾಲು ಮುರಿದುಕೊಂಡು ಆರು ವಾರ ಪ್ಲಾಸ್ಟರಿನಲ್ಲಿದ್ದೆ. ಬಿಚ್ಚಿದಾಗ ಎಡತೊಡೆ ನನ್ನದೇ ಎನಿಸಲಿಲ್ಲ. ಜಗುಲಿಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಆ ಕಾಲು ಸೋತು ನಡುಗುತ್ತಿತ್ತು. ದಿನವೂ ತುಸು ತುಸು ನಡೆದೇ ಅದನ್ನು ಸರಿ ಮಾಡಿಕೊಂಡೆ, ಇನ್ನೂ ಪೂರ್ತಿ ಆಗಿಲ್ಲ.

ನಿಮ್ಮ ಬರಹ ಓದಿ ಪಕ್ಕದ ಮನೆಯವರು ಎರಡು ಡಬ್ಬಿ ತರಿಸಿದ್ದಾರೆ. ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಿಲ್ಲ. ಇಂಥವನ್ನು ಮುಂದೆ ಪ್ರಕಟಿಸುವುದಿದ್ದರೆ ಮೇಲ್ಗಡೆ ‘ಜಾಹೀರಾತು’ ಎಂದು, ಕನ್ನಡಕವಿಲ್ಲದೆ ಓದುವಷ್ಟು ದಪ್ಪ ಅಕ್ಷರದಲ್ಲಿ ಹಾಕಿ.

ಇಂತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ಶಿರಸಿ