ಗೈಡ್ ಆರಿಸುವ ಮುಂಚೆ

ಮೈಸೂರು

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಇಲ್ಲಿನ ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ರಾಗಿಯ ಮೇಲೆ ಪಿಎಚ್.ಡಿ. ಮಾಡುತ್ತೀಯಂತೆ, ಸಂಶೋಧನೆಗೆ ದಾರಿ ತೋರುವ ಗೈಡ್ ಯಾರೆಂದು ಮಾತ್ರ ಇನ್ನೂ ಗೊತ್ತಾಗಿಲ್ಲವಂತೆ. ಆತುರ ಬೇಡ ಕಣಮ್ಮ. ದೊಡ್ಡ ಹೆಸರಿಗೆ ಮರುಳಾಗುವ ಮುಂಚೆ ಅವರ ಕೈಕೆಳಗೆ ಎಷ್ಟು ಜನ ಇದ್ದಾರೆ ವಿಚಾರಿಸು. ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರಿಗೆ 8, ಅಸೋಸಿಯೇಟ್ ಪ್ರೊಫೆಸರಿಗೆ 6, ಅಸಿಸ್ಟೆಂಟ್ ಪ್ರೊಫೆಸರಿಗೆ 4 ಜನ ಮಿತಿ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಪಿಎಚ್.ಡಿ. ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣದಲ್ಲಿ ಅವರ ಹಳೆಯ ವಿದ್ಯಾರ್ಥಿಗಳ ಹೆಸರು ಹುಡುಕಿ ಇಬ್ಬರನ್ನಾದರೂ ಮಾತಾಡಿಸು. ಸೇರಿದ್ದು ಯಾವಾಗ, ಮುಗಿದದ್ದು ಯಾವಾಗ? ಬರೆದು ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತಿತ್ತು? ಪೇಪರಿನಲ್ಲಿ ಮೊದಲ ಹೆಸರು ಯಾರದು? ನಡುವೆ ಬಿಟ್ಟುಹೋದವರು ಸಿಕ್ಕರಂತೂ ಬಿಡಬೇಡ, ಮುಗಿಸಿದವರು ನುಂಗಿಕೊಂಡದ್ದನ್ನು ಅವರು ಹೇಳುತ್ತಾರೆ.

ಗೈಡ್ ಹತ್ತಿರ ಬರಿಗೈಲಿ ಹೋಗಬಾರದು. ಒಂದೇ ಹಾಳೆ ಸಾಕು: ಏನು ಮಾಡಿದೆ, ಎಲ್ಲಿ ಕೆಟ್ಟಿತು, ಎರಡು ಪ್ರಶ್ನೆ. ‘ಮುಂದೇನು ಮಾಡಲಿ ಸರ್?’ ಎಂದರೆ ‘ಇನ್ನಷ್ಟು ಓದು’ ಎಂದೇ ಉತ್ತರ. ‘ಮೂರು ಕುಂಡದಲ್ಲಿ ಮೊಳಕೆ ಬಂದಿಲ್ಲ. ಬೀಜದ್ದೋ ಮಣ್ಣಿನದೋ ತಿಳಿಯಲು ಅದೇ ಬೀಜವನ್ನು ಒದ್ದೆ ಕಾಗದದಲ್ಲಿ ಮೊಳೆಸಿ ನೋಡಲೇ?’ ಎಂದು ಕೇಳು, ಆಗ ಅವರ ಅನುಭವ ನಿನ್ನ ಕೆಲಸಕ್ಕೆ ಬರುತ್ತದೆ. ಕೆಟ್ಟದ್ದನ್ನು ಮುಚ್ಚಿಟ್ಟರೆ ಹೊಲದ ಪ್ರಯೋಗಕ್ಕೆ ಮುಂದಿನ ಮುಂಗಾರಿನವರೆಗೆ ಕಾಯಬೇಕಾದೀತು. ಮಾತಾಡಿದ್ದನ್ನು ಅವತ್ತು ಸಂಜೆಯೇ ನಾಲ್ಕು ಸಾಲಿನಲ್ಲಿ ಅವರಿಗೆ ಇಮೇಲ್ ಮಾಡು. ಆರು ತಿಂಗಳಾದ ಮೇಲೆ ಇಬ್ಬರಿಗೂ ನೆನಪಿರುವುದಿಲ್ಲ.

ಎಲ್ಲವನ್ನೂ ಅವರೊಬ್ಬರೇ ಹೇಳಿಕೊಡಲಾರರು. ರಾಗಿ ತಳಿಯ ಸಂದೇಹಕ್ಕೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಇದೆ, ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರ ಇಂಡಾಫ್ ರಾಗಿ ತಳಿಗಳು ಬಂದದ್ದು ಅಲ್ಲಿಂದಲೇ. ಉಪಕರಣಕ್ಕೆ ಲ್ಯಾಬಿನ ಸೀನಿಯರ್. ಸ್ಟ್ಯಾಟಿಸ್ಟಿಕ್ಸ್‌ನವರ ಹತ್ತಿರ ಮಾತ್ರ ಬಿತ್ತುವ ಮುಂಚೆಯೇ ಹೋಗು, ಎಷ್ಟು ಮಡಿ, ಎಷ್ಟು ಪುನರಾವರ್ತನೆ ಎಂದು ಹೇಳುತ್ತಾರೆ. ಕೊಯ್ಲಾದ ಮೇಲೆ ಹೋದರೆ ಅವರೂ ಕೈಚೆಲ್ಲುತ್ತಾರೆ.

ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ವರದಿ ಒಪ್ಪಿಸಬೇಕು. ಶಾಸ್ತ್ರಕ್ಕೆ ಮಾಡಿ ಮುಗಿಸುವವರೇ ಹೆಚ್ಚು. ಮುಂದೆ ಗೈಡ್ ಜೊತೆ ಭಿನ್ನಾಭಿಪ್ರಾಯ ಬಂದರೆ ಅಲ್ಲಿ ದಾಖಲಾದದ್ದೇ ನಿನಗೆ ಆಧಾರ.

ಇನ್ನೊಂದು. ಬ್ಯಾಂಕಿಗೆ ಹೋಗಿ ಬಾ, ಮಗನ ಫೀಸು ಕಟ್ಟಿ ಬಾ ಎಂದು ಯಾರಾದರೂ ಕಳಿಸಿದರೆ ಮೊದಲ ಸಲವೇ ‘ಇವತ್ತು ರೀಡಿಂಗ್ ತೆಗೆಯೋದಿದೆ ಸರ್’ ಎಂದುಬಿಡು. ಎರಡನೇ ಸಲಕ್ಕೆ ಅದು ಅಭ್ಯಾಸವಾಗಿರುತ್ತದೆ.

ಭಾನುವಾರ ಊಟಕ್ಕೆ ಬರುವಾಗ ನಿನ್ನ ಮನಸ್ಸಿನಲ್ಲಿರುವ ಮೂವರ ಹೆಸರು, ಅವರ ವಿದ್ಯಾರ್ಥಿಗಳು ಹೇಳಿದ್ದು ಎಲ್ಲ ಬರೆದುಕೊಂಡು ಬಾ. ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ